ಹರಿದ್ರೆಯೂ ಶೋಥವೂ: ತೆಂಗಿನ ಸೀಮೆಯ ಒಂದು ಮದ್ದಿನ ಚರಿತ್ರೆ

ತುಮಕೂರು ಜಿಲ್ಲೆಯ ಪಶ್ಚಿಮಭಾಗದಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ತೆಂಗಿನ ಸೀಮೆಯೆಂದು ಪ್ರಸಿದ್ಧವಾಗಿವೆ. ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ ಸಂಪಿಗೆಯೂ ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರವೂ ಈ ಸೀಮೆಗೇ ಸೇರಿದುವಾದುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಇದು ಅಪರಿಚಿತವಾದ ನೆಲವಲ್ಲ. ಹಾಗಲವಾಡಿಯ ನಾಯಕರ ಆಳ್ವಿಕೆಯ ನೆನಪು ಚಿಕ್ಕನಾಯಕನಹಳ್ಳಿಯ ಹೆಸರಿನಲ್ಲಿಯೇ ಉಳಿದಿದೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಅಚ್ಚು ಹಾಕಿಸಿದ ಫ್ರಾನ್ಸಿಸ್ ಬುಕಾನನ್ ಈ ಊರಿನ ಮಾರ್ಗವಾಗಿ ಹೋಗುವಾಗ ಇಲ್ಲಿಯ ತೆಂಗು ಅಡಕೆಯ ತೋಟಗಳನ್ನು ಕಂಡು ಬರೆದಿರುವನು. ಹೊನ್ನವಳ್ಳಿಯ ಗಂಗಾಪಾನಿ ಎಂಬ ಎಳನೀರಿನ ರುಚಿಯನ್ನು ಹಳೆಯ ಗೆಜೆಟಿಯರುಗಳು ಕೊಂಡಾಡಿವೆ. ತಿಪಟೂರಿನ ಕೊಬ್ಬರಿಯ ಪೇಟೆಯ ಹೆಸರು ದೇಶಕ್ಕೆಲ್ಲ ತಿಳಿದದ್ದೇ.

ಈ ಸೀಮೆಯ ಮನೆಗಳಲ್ಲಿ ತೆಂಗಿನ ಜೊತೆಗೆ ಬಿಡದೆ ನಡೆದುಬಂದ ಇನ್ನೊಂದು ದ್ರವ್ಯ ಅರಿಶಿನ. ಅದು ಮಂಗಳದ್ರವ್ಯ, ಅಡುಗೆಯ ದ್ರವ್ಯ, ಮದ್ದಿನ ದ್ರವ್ಯ ಎಂಬ ಮೂರು ಬಗೆಯಾಗಿ ಬಳಕೆಯಲ್ಲಿದೆ. ಈಚಿನ ಕೆಲವು ವರ್ಷಗಳಲ್ಲಿ ಇದಕ್ಕೆ ನಾಲ್ಕನೆಯ ಬಗೆಯೊಂದು ಸೇರಿತು. ಅರಿಶಿನದ ಸತ್ತ್ವವನ್ನು ತೆಗೆದು ಕ್ಯಾಪ್ಸೂಲುಗಳಲ್ಲಿ ತುಂಬಿ, ಹಳೆಯ ಕೀಲುನೋವು ಮೊದಲಾದ ದೀರ್ಘಕಾಲದ ಉರಿಯೂತಗಳಿಗೆ ಪ್ರಕೃತಿಸಿದ್ಧವಾದ ಔಷಧವೆಂದು ಮಾರುವುದು ದೇಶವಿದೇಶಗಳಲ್ಲಿ ರೂಢಿಯಾಗಿದೆ. ಇದಕ್ಕೆ ಮುಖ್ಯವಾಗಿ ಕೊಡತಕ್ಕ ಪ್ರಮಾಣವು ಪ್ರಾಚೀನತೆಯ ಪ್ರಮಾಣ: ಸಾವಿರಾರು ವರ್ಷಗಳಿಂದ ಆಯುರ್ವೇದವು ಅರಿಶಿನವನ್ನು ಉರಿಯೂತಕ್ಕೆ ವಿಧಿಸಿದೆ ಎಂಬುದು. ಈ ಮಾತು ಚರಿತ್ರೆಯ ಮಾತಾದುದರಿಂದ ಚರಿತ್ರೆಯ ಕ್ರಮದಿಂದಲೇ ಇದನ್ನು ವಿಚಾರಿಸಬೇಕಾಗುತ್ತದೆ. ಗ್ರಂಥಗಳನ್ನು ಸಾಕ್ಷಿಗೆ ಕರೆದ ಮೇಲೆ ಅವು ಹೇಳುವುದೇನೆಂಬುದನ್ನು ಕೇಳುವುದು ನ್ಯಾಯ.

ಮೊದಲು ಮನೆಯ ವಾಡಿಕೆಯನ್ನು ನೋಡಬಹುದು. ತೆಂಗಿನ ಸೀಮೆಯ ದುಡಿಮೆ ಮೈಮುರಿಯುವ ದುಡಿಮೆ. ಮರ ಹತ್ತುವುದು, ಕಾಯಿ ಸುಲಿಯುವುದು, ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಒಣಗಿಸಿ ಒಳಗಿನ ನೀರೆಲ್ಲ ಇಂಗಿದ ಮೇಲೆ ಒಡೆದು ಉಂಡೆ ಕೊಬ್ಬರಿ ತೆಗೆಯುವುದು ಇವೆಲ್ಲ ಕೈ, ಮಂಡಿ, ಸೊಂಟಗಳನ್ನು ಸವೆಸತಕ್ಕ ಕೆಲಸಗಳು. ಇಂಥ ದುಡಿಮೆಯಲ್ಲಿ ಗಾಯವಾದರೆ ಅರಿಶಿನದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವರು. ಉಳುಕಿ ಬಾತರೆ ಅರಿಶಿನವನ್ನು ಸುಣ್ಣದೊಡನೆ ಅರೆದು ಬಿಸಿಮಾಡಿ ಪಟ್ಟು ಹಾಕುವರು. ಆಗ ಹಳದಿಯು ಕೆಂಪಾಗುವುದನ್ನು ಎಲ್ಲರೂ ಬಲ್ಲರು. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದಾಗಲೂ ಇದೇ ಅರಿಶಿನವೇ. ನೆಗಡಿ ಕೆಮ್ಮುಗಳಿಗೆ ಹಾಲಿನಲ್ಲಿ ಅರಿಶಿನವನ್ನೂ ಮೆಣಸನ್ನೂ ಹಾಕಿ ಕಾಯಿಸಿ ಕುಡಿಯುವರು. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಬಾವಿಗೆ ಅರಿಶಿನವು ಬಹುಮಟ್ಟಿಗೆ ಹೊರಗಿನ ಲೇಪ. ಆ ಬಾವೂ ಪೆಟ್ಟಿನಿಂದ ಆಗತಾನೆ ಹುಟ್ಟಿದ ಬಾವು. ಒಳಗೆ ಕೊಡುವಾಗ ಅದು ಅಡುಗೆಗೆ ಹಾಕುವಷ್ಟೇ ಅಲ್ಪಪ್ರಮಾಣದಲ್ಲಿ, ಹಾಲು, ತುಪ್ಪ, ತೆಂಗುಗಳೆಂಬ ಸ್ನೇಹದ್ರವ್ಯಗಳೊಡನೆ ಬರುತ್ತದೆ. ವರ್ಷಾನುಗಟ್ಟಲೆ ಹಿಡಿದ ಕೀಲುರೋಗಕ್ಕೆ ದಿನವೂ ಅರಿಶಿನವೊಂದನ್ನೇ ದೊಡ್ಡ ಪ್ರಮಾಣದಲ್ಲಿ ನುಂಗುವುದು ಈ ವಾಡಿಕೆಯೊಳಗೆ ಸೇರಿದುದಲ್ಲ.

ಇನ್ನು ಹೆಸರುಗಳ ವಿಚಾರ. ಕನ್ನಡದಲ್ಲಿ ಅರಿಸಿನ, ಅರಸಿನ, ಅರಿಶಿನ ಎಂಬ ರೂಪಗಳಿವೆ. ತಮಿಳು ತುಳುಗಳಲ್ಲಿ ಇದು ಮಂಜಳ್. ತೆಲುಗಿನಲ್ಲಿ ಪಸುಪು, ಇದು ಕನ್ನಡದ ಪಸುರ್ ಎಂಬುದರ ಬಳಗಕ್ಕೆ ಸೇರಿದ ಮಾತು. ಸಂಸ್ಕೃತದ ಹರಿದ್ರಾ ಪಾಳಿಯಲ್ಲಿ ಹಲಿದ್ದಾ ಎಂದಾಗಿ, ಉತ್ತರದ ಭಾಷೆಗಳಲ್ಲಿ ಹಲ್ದಿಯಾಯಿತು. ಆ ವಂಶದ ಹಳದಿ ಎಂಬ ಪದ ಕನ್ನಡಕ್ಕೆ ಬಂದು ಬಣ್ಣದ ಹೆಸರಾಗಿ ನಿಂತಿತು. ಗಡ್ಡೆಗೆ ಮಾತ್ರ ಅರಿಶಿನವೆಂಬ ಹೆಸರೇ ಉಳಿಯಿತು. ಅಮರಕೋಶದಲ್ಲಿ ಹರಿದ್ರೆಗೆ ಕಾಂಚನೀ, ಪೀತಾ, ವರವರ್ಣಿನೀ ಎಂಬ ಹೆಸರುಗಳೂ ರಾತ್ರಿಯ ಪರ್ಯಾಯಪದಗಳೆಲ್ಲ ಇದಕ್ಕೆ ಸಲ್ಲುವುವೆಂಬ ಸೂಚನೆಯೂ ದೊರೆಯುತ್ತವೆ. ಈ ಹೆಸರುಗಳು ಬಣ್ಣವನ್ನೂ ಮೈಕಾಂತಿಯನ್ನೂ ಹೇಳುತ್ತವೆ. ಬಾವನ್ನು ಇಳಿಸುವುದೆಂಬ ಅರ್ಥದ ಹೆಸರು ಇವುಗಳಲ್ಲಿ ಇಲ್ಲ.

ಹೆಸರುಗಳಿಂದ ಪ್ರಾಚೀನತೆಯನ್ನು ಸಾಧಿಸುವವರು ಎಚ್ಚರದಿಂದಿರಬೇಕಾದ ಸ್ಥಳಗಳೂ ಉಂಟು. ಅಥರ್ವವೇದದ ಪ್ರಥಮಕಾಂಡದಲ್ಲಿ ಕಿಲಾಸವೆಂಬ ಚರ್ಮರೋಗವನ್ನು ಕಳೆಯಲು ಪ್ರಾರ್ಥಿಸುವ ಸೂಕ್ತವೊಂದರಲ್ಲಿ ರಜನೀ ಎಂಬ ಮೂಲಿಕೆಯ ಸಂಬೋಧನೆಯಿದೆ. ರಜನೀ ಎಂಬುದು ಮುಂದೆ ನಿಘಂಟುಗಳಲ್ಲಿ ಅರಿಶಿನದ ಹೆಸರಾದುದರಿಂದ ಅಲ್ಲಿಯೂ ಅರಿಶಿನವೇ ಎಂದು ಹಲವರು ತಿಳಿಯುವುದುಂಟು. ಆದರೆ ಅದೇ ಮಂತ್ರವು ಆ ಮೂಲಿಕೆಯನ್ನು ಕಪ್ಪಾದುದೆಂದು ಒಂದಕ್ಕಿಂತ ಹೆಚ್ಚು ವಿಶೇಷಣಗಳಿಂದ ವರ್ಣಿಸುತ್ತದೆ. ಬಿಳಿದಾದ ಚರ್ಮಕ್ಕೆ ಬಣ್ಣವೂಡುವುದು ಅದರ ಕೆಲಸ. ಹೊನ್ನಿನ ಬಣ್ಣದ ಗಡ್ಡೆಗೆ ಈ ವರ್ಣನೆ ಹೊಂದುವುದು ಕಷ್ಟ. ಹಾಗೆಯೇ ಕಾಮಾಲೆಯ ಹಳದಿಯನ್ನು ಹಾರಿದ್ರವಗಳಿಗೆ ಕಳುಹಿಸುವ ಮಂತ್ರದಲ್ಲಿ ಹಾರಿದ್ರವವೆಂಬುದು ಪಕ್ಷಿಯೋ ಮರವೋ ಎಂಬುದರಲ್ಲಿಯೇ ವ್ಯಾಖ್ಯಾನಗಳು ಭಿನ್ನವಾಗಿವೆ. ಇನ್ನು ಹರಿದ್ರಾದ್ವಯವೆಂದು ವೈದ್ಯಗ್ರಂಥಗಳು ಹೇಳುವಾಗ ಎರಡನೆಯದು ದಾರುಹರಿದ್ರೆ, ಎಂದರೆ ಮರದರಿಶಿನ. ಅದು ಬೇರೆ ಜಾತಿಯ ಗಿಡ. ಕಸ್ತೂರಿ ಅರಿಶಿನವೂ ಬೇರೆ. ಹೆಸರು ಒಂದೆಂದು ವಸ್ತುವೂ ಒಂದೆನ್ನುವುದು ಶಾಸ್ತ್ರಮಾರ್ಗವಲ್ಲ. ಅರಿಶಿನವೇ ಎಂದು ನಿಸ್ಸಂಶಯವಾಗಿ ಹೇಳಬಹುದಾದ ಹಳೆಯ ಉಲ್ಲೇಖಗಳಲ್ಲಿ ಪಾಳಿ ವಿನಯಪಿಟಕದ ಮಹಾವಗ್ಗದ್ದು ಮುಖ್ಯವಾದುದು. ಅಲ್ಲಿ ಭಿಕ್ಷುಗಳು ರೋಗಬಂದಾಗ ಇಟ್ಟುಕೊಳ್ಳಬಹುದಾದ ಬೇರುಮದ್ದುಗಳಲ್ಲಿ ಅರಿಶಿನ, ಶುಂಠಿ, ಬಜೆ ಮೊದಲಾದುವನ್ನು ಹೇಳಿದೆ.

ಪ್ರಕೃತ ವಿಷಯದಲ್ಲಿ ಪ್ರಧಾನ ಸಾಕ್ಷಿ ಚರಕಸಂಹಿತೆ. ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಔಷಧಗಳನ್ನು ಕಾರ್ಯಭೇದದಿಂದ ೫೦ ಮಹಾಕಷಾಯಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಹತ್ತು ಹತ್ತು ದ್ರವ್ಯಗಳನ್ನು ಎಣಿಸಿದೆ. ಹರಿದ್ರೆಯು ಲೇಖನೀಯವೆಂಬ ವರ್ಗದಲ್ಲಿ, ಎಂದರೆ ಹೆಚ್ಚಾದ ಮೇದಸ್ಸು ಕಫಗಳನ್ನು ಕೆರೆದು ತೆಗೆಯುವ ವರ್ಗದಲ್ಲಿ ಬರುತ್ತದೆ. ಚರ್ಮರೋಗಗಳನ್ನು ಕಳೆಯುವ ಕುಷ್ಠಘ್ನವರ್ಗದಲ್ಲಿ ಬರುತ್ತದೆ. ವಿಷಘ್ನವರ್ಗದಲ್ಲಿ ಮೊದಲನೆಯದಾಗಿಯೇ ಬರುತ್ತದೆ. ಬಾವನ್ನು ಇಳಿಸುವ ವರ್ಗವೂ ಪ್ರತ್ಯೇಕವಾಗಿ ಅಲ್ಲಿಯೇ ಇದೆ. ಅದರ ಹೆಸರು ಶ್ವಯಥುಹರ. ಅದರ ಹತ್ತು ದ್ರವ್ಯಗಳು ಪಾಟಲಾ, ಅಗ್ನಿಮಂಥ, ಶ್ಯೋನಾಕ, ಬಿಲ್ವ, ಕಾಶ್ಮರ್ಯ, ಕಂಟಕಾರಿಕಾ, ಬೃಹತೀ, ಶಾಲಪರ್ಣೀ, ಪೃಶ್ನಿಪರ್ಣೀ, ಗೋಕ್ಷುರ. ಇವೇ ಮುಂದೆ ದಶಮೂಲವೆಂದು ಪ್ರಸಿದ್ಧವಾದುವು. ಈ ಹತ್ತರಲ್ಲಿ ಹರಿದ್ರೆ ಇಲ್ಲ. ನೋವನ್ನು ನಿಲ್ಲಿಸುವ ವೇದನಾಸ್ಥಾಪನವರ್ಗದಲ್ಲಿಯೂ ಅದು ಇಲ್ಲ. ಅರಿಶಿನವನ್ನು ಚೆನ್ನಾಗಿ ಬಲ್ಲ ಗ್ರಂಥಕಾರನೇ ಅದನ್ನು ಈ ಎರಡು ವರ್ಗಗಳಿಂದ ಹೊರಗೆ ಬಿಟ್ಟಿರುವುದು ಆಕಸ್ಮಿಕವೆಂದು ತಳ್ಳಿಹಾಕಲು ಬಾರದು.

ಸುಶ್ರುತಸಂಹಿತೆಯು ಶಸ್ತ್ರವೈದ್ಯದ ಗ್ರಂಥವಾದುದರಿಂದ ಬಾವಿನ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ. ಅಲ್ಲಿ ವ್ರಣಶೋಫಕ್ಕೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳಿವೆ. ಅಲ್ಪವಾದ ಬಿಸಿ, ಗಟ್ಟಿತನ, ಮಂದವಾದ ನೋವುಗಳಿರುವುದು ಮೊದಲನೆಯದು; ಸೂಜಿ ಚುಚ್ಚಿದಂತೆ, ಇರುವೆ ಕಚ್ಚಿದಂತೆ, ಬೆಂಕಿ ಸುಟ್ಟಂತೆ ಬಾಧಿಸುವುದು ಎರಡನೆಯದು; ನೋವು ತಗ್ಗಿ, ಸುಕ್ಕುಬಿದ್ದು, ಕೀವು ಕೂಡಿರುವುದು ಮೂರನೆಯದು. ರೋಮದ ಕೆಲ್ಸಸ್ ಎಂಬ ಗ್ರಂಥಕಾರನು ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಹೇಳಿದ ಕೆಂಪು, ಊತ, ಕಾವು, ನೋವು ಎಂಬ ನಾಲ್ಕು ಲಕ್ಷಣಗಳೊಡನೆ ಇದನ್ನು ಹೋಲಿಸಿ ನೋಡಬಹುದು. ಆದರೆ ಸುಶ್ರುತನ ವಿಶೇಷವು ಅವಸ್ಥಾಭೇದದಲ್ಲಿದೆ. ಮಾಗದ ಬಾವನ್ನು ಕೊಯ್ಯುವವನೂ ಮಾಗಿದ ಬಾವನ್ನು ಉಪೇಕ್ಷಿಸುವವನೂ ಸಮಾನವಾಗಿ ನಿಂದ್ಯರೆಂದು ಆತನು ಹೇಳುತ್ತಾನೆ. ಮೃದುವಾಗಿ ಒತ್ತಿ ಕರಗಿಸುವುದು, ರಕ್ತ ತೆಗೆಯುವುದು, ಪಟ್ಟು ಹಾಕುವುದು, ಸೀಳುವುದು, ತೊಳೆಯುವುದು, ಮಾಯಿಸುವುದು, ಕಲೆಯನ್ನು ಕಳೆಯುವುದು ಎಂದು ಏಳು ಉಪಕ್ರಮಗಳು ಕ್ರಮವಾಗಿ ಬರುತ್ತವೆ. ಹರಿದ್ರೆಗೆ ಅಲ್ಲಿ ಗೌರವದ ಸ್ಥಾನವಿದೆ. ಅದರ ಹೆಸರಿನಿಂದಲೇ ಹರಿದ್ರಾದಿಗಣವೆಂಬ ಗಣವುಂಟು. ವ್ರಣಗಳನ್ನು ಶುದ್ಧಿಮಾಡಿ ಮಾಯಿಸುವ ಯೋಗಗಳಲ್ಲಿ ಅದು ಸೇರುತ್ತದೆ. ಆದರೆ ಎಲ್ಲ ಬಾವುಗಳಿಗೂ ಎಲ್ಲ ಅವಸ್ಥೆಗಳಲ್ಲಿಯೂ ಒಂದೇ ಮದ್ದೆಂಬ ಮಾತಿಗೆ ಆ ಗ್ರಂಥದಲ್ಲಿ ಎಡೆಯಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದ ಕೊನೆಯಲ್ಲಿ ಒಂದೊಂದು ರೋಗಕ್ಕೆ ಶ್ರೇಷ್ಠವಾದ ದ್ರವ್ಯವನ್ನು ಹೇಳುವಾಗ ಅರಿಶಿನವನ್ನು ನೆಲ್ಲಿಯ ಜೊತೆಗೆ ಪ್ರಮೇಹಕ್ಕೆ ನಿಯಮಿಸಿರುವನು.

ಹಾಗಾದರೆ ಬಹುಕಾಲದ ಕೀಲುಬಾವಿಗೆ ಶಾಸ್ತ್ರಕಾರರು ಏನನ್ನು ಕೊಟ್ಟರು? ಕೀಲುಗಳು ಬಾತು, ಚೇಳು ಕುಟುಕಿದಂತೆ ನೋಯುತ್ತ, ಜ್ವರ ಅಜೀರ್ಣಗಳೊಡನೆ ಬರುವ ಆಮವಾತವನ್ನು ಸ್ವತಂತ್ರ ರೋಗವಾಗಿ ವಿವರಿಸಿದುದು ಮಾಧವನಿದಾನ. ಅದರ ಚಿಕಿತ್ಸೆಯನ್ನು ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನೂ ಅನಂತರದ ಸಂಗ್ರಹಕಾರರೂ ವಿಸ್ತರಿಸಿದರು. ಅವರ ಪ್ರಧಾನ ದ್ರವ್ಯಗಳು ಶುಂಠಿ, ರಾಸ್ನೆ, ಅಮೃತಬಳ್ಳಿ, ಹರಳೆಣ್ಣೆ, ಗುಗ್ಗುಳು. ರಾಸ್ನಾಸಪ್ತಕವೆಂಬ ಕಷಾಯದ ಏಳು ದ್ರವ್ಯಗಳು ರಾಸ್ನೆ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಔಡಲ, ಪುನರ್ನವೆ. ಅನುಪಾನವು ಶುಂಠಿಯ ಚೂರ್ಣ. ಸಿಂಹನಾದ ಗುಗ್ಗುಳುವಿನಲ್ಲಿ ತ್ರಿಫಲೆ, ಗಂಧಕ, ಗುಗ್ಗುಳು, ಹರಳೆಣ್ಣೆಗಳು ಸೇರುತ್ತವೆ. ಈ ಎರಡು ಪ್ರಸಿದ್ಧ ಯೋಗಗಳಲ್ಲಿ ಅರಿಶಿನವಿಲ್ಲ. ಇಂದಿನ ಮಾತಿನಲ್ಲಿ ದೀರ್ಘಕಾಲದ ಸಂಧಿಗಳ ಉರಿಯೂತವೆನ್ನಬಹುದಾದ ರೋಗಕ್ಕೆ ಇಷ್ಟು ಸಮೀಪವಾದ ಸ್ಥಳದಲ್ಲಿಯೂ ಅರಿಶಿನವು ಮುಂದಾಳಾಗಿ ನಿಲ್ಲದಿರುವುದು ವಿಚಾರಾರ್ಹವಾಗಿದೆ.

ಇಲ್ಲಿ ಆಕ್ಷೇಪವೊಂದು ಏಳಬಹುದು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಹರಿದ್ರೆಯ ಗುಣಗಳನ್ನು ಹೇಳುವಾಗ ತ್ವಗ್ದೋಷ, ಮೇಹ, ರಕ್ತದೋಷ, ಪಾಂಡು, ವ್ರಣಗಳೊಡನೆ ಶೋಥವನ್ನೂ ಎಣಿಸಿರುವನಲ್ಲವೇ ಎಂಬುದು. ಎಣಿಸಿರುವುದು ನಿಜ, ಅದನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಆದರೆ ಮೂರು ಸಂಗತಿಗಳನ್ನು ನೆನೆಯಬೇಕು. ನಿಘಂಟುಭಾಗದ ಗುಣಪಾಠವು ದ್ರವ್ಯದ ಶಕ್ತಿಯನ್ನು ಸೂಚಿಸುತ್ತದೆ; ರೋಗಿಗೆ ಕೊಡುವ ವಿಧಿಯನ್ನು ಚಿಕಿತ್ಸಾಭಾಗದ ಯೋಗಗಳು ಹೇಳುತ್ತವೆ. ಎರಡನೆಯದಾಗಿ, ಶೋಥವೆಂಬ ಪದದ ವ್ಯಾಪ್ತಿ ದೊಡ್ಡದು. ಮೈಯೆಲ್ಲ ನೀರುತುಂಬಿ ಊದಿಕೊಳ್ಳುವುದೂ ಶೋಥ, ಪೆಟ್ಟಿನ ಬಾವೂ ಶೋಥ, ಕುರುವಿನ ಬಾವೂ ಶೋಥ. ಮೂರನೆಯದಾಗಿ, ಭಾವಮಿಶ್ರನೇ ಅರಿಶಿನವನ್ನು ರೂಕ್ಷವೆಂದೂ ಉಷ್ಣವೆಂದೂ ಹೇಳಿರುವನು. ರೂಕ್ಷವೂ ಉಷ್ಣವೂ ಆದ ದ್ರವ್ಯವನ್ನು ಒಳಗೆ ಕೊಡುವಾಗ ರೋಗಿಯ ಪ್ರಕೃತಿ, ಕಾಲ, ಮಾತ್ರೆ, ಅನುಪಾನಗಳ ವಿಚಾರ ವೈದ್ಯನಿಗೆ ಅನಿವಾರ್ಯ. ಆ ಎಲ್ಲವನ್ನೂ ಬಿಟ್ಟು ಶೋಥವೆಂಬ ಒಂದು ಮಾತನ್ನು ಮಾತ್ರ ಕಿತ್ತುಕೊಂಡು ಬರುವುದು ಗ್ರಂಥಪ್ರಾಮಾಣ್ಯವೆನಿಸದು.

ಗೊಂದಲದ ಬೇರು ಕನ್ನಡ ಪದದಲ್ಲಿಯೂ ಇದೆ. ಬಾವು, ಊತ, ಕುರು ಎಂಬ ಹಳೆಯ ಮಾತುಗಳು ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಕಾರಗಳನ್ನು ಹೇಳುತ್ತಿದ್ದುವು. ಪಾಶ್ಚಾತ್ಯ ವೈದ್ಯದ ಪಾರಿಭಾಷಿಕವನ್ನು ಕನ್ನಡಿಸುವಾಗ ಉರಿಯೂ ಊತವೂ ಕೂಡಿ ಉರಿಯೂತವೆಂಬ ಸಮಾಸ ಬಳಕೆಗೆ ಬಂದಿತು. ಪದ ಚೆನ್ನಾಗಿಯೇ ಇದೆ. ಆದರೆ ಇಂದಿನ ವೈದ್ಯದಲ್ಲಿ ಅದರ ಅರ್ಥ ಹಿಗ್ಗಿ, ಉರಿಯೂ ಇಲ್ಲದೆ ಊತವೂ ಕಾಣದೆ ರಕ್ತನಾಳ, ಕರುಳು, ಕೀಲುಗಳಲ್ಲಿ ವರ್ಷಗಟ್ಟಲೆ ನಡೆಯುವ ಕ್ರಿಯೆಗಳಿಗೂ ಅದೇ ಹೆಸರಾಯಿತು. ಹೀಗೆ ಹಿಗ್ಗಿದ ಅರ್ಥವನ್ನು ಹಿಂದಕ್ಕೆ ಕೊಂಡೊಯ್ದು ಶೋಥದ ಮೇಲೆ ಹೊರಿಸಿ, ಶೋಥಕ್ಕೆ ಹೇಳಿದ ಅರಿಶಿನವನ್ನು ಈ ಎಲ್ಲಕ್ಕೂ ಮದ್ದೆನ್ನುವುದು ನಡೆದಿದೆ. ಹಳೆಯ ಶಬ್ದಕ್ಕೆ ಹೊಸ ಅರ್ಥವನ್ನು ತುಂಬಿ ಹಳೆಯ ಗ್ರಂಥವನ್ನು ಓದಿದರೆ ಆಗುವ ಪ್ರಮಾದವನ್ನು ಕಾವ್ಯಪಾಠದಲ್ಲಿ ಕಂಡಿರುವ ಅಧ್ಯಾಪಕರಿಗೆ ಇದು ಹೊಸದಲ್ಲ. ಕಾವ್ಯದಲ್ಲಿ ಅದರಿಂದ ಅರ್ಥ ಕೆಡುತ್ತದೆ. ವೈದ್ಯದಲ್ಲಿ ದೇಹ ಕೆಡಬಹುದು.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಸಣ್ಣದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ, ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ಗೋವೈದ್ಯ, ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಜಗದ್ದಳ ಸೋಮನಾಥನು ಬರೆದ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಇವು ಸಾಹಿತ್ಯಚರಿತ್ರೆಯಲ್ಲಿ ಸುಪ್ರಸಿದ್ಧವಾದುವು. ಮಂಗರಾಜನ ಕೃತಿಯು ವಿಷವೈದ್ಯಕ್ಕೇ ಮೀಸಲಾದುದು. ಈ ಗ್ರಂಥಕಾರರ ರೀತಿಯು ಯೋಗಕಥನದ ರೀತಿ: ಇಂಥ ರೋಗಕ್ಕೆ ಇಂಥ ದ್ರವ್ಯಗಳನ್ನು ಕೂಡಿಸಿ ಹೀಗೆ ಸಿದ್ಧಪಡಿಸಿ ಕೊಡತಕ್ಕದ್ದು ಎಂದು ಹೇಳುವುದು. ಒಂದು ಗಡ್ಡೆಯನ್ನು ಸರ್ವರೋಗಹರವೆಂದು ಸ್ತುತಿಸುವುದು ಆ ಪರಂಪರೆಯ ಸ್ವಭಾವವಲ್ಲ. ಸಂಸ್ಕೃತದಲ್ಲಿ ಈಚಿನ ಭೈಷಜ್ಯರತ್ನಾವಳಿಯಲ್ಲಿ ಬರುವ ಹರಿದ್ರಾಖಂಡವೂ ಇದಕ್ಕೆ ನಿದರ್ಶನ. ಶೀತಪಿತ್ತ ಮೊದಲಾದ ಚರ್ಮದ ದದ್ದುಗಳಿಗೆ ಹೇಳಿರುವ ಆ ಲೇಹ್ಯದಲ್ಲಿ ೮ ಪಲ ಅರಿಶಿನಕ್ಕೆ ೬ ಪಲ ತುಪ್ಪ, ಒಂದು ಆಢಕ ಹಾಲು, ೫೦ ಪಲ ಸಕ್ಕರೆ, ಜೊತೆಗೆ ಶುಂಠಿ, ಮೆಣಸು, ಹಿಪ್ಪಲಿಗಳು ಸೇರುತ್ತವೆ. ಅರಿಶಿನದ ಹೆಸರನ್ನೇ ಹೊತ್ತ ಔಷಧದಲ್ಲಿಯೂ ಅರಿಶಿನವು ಒಂಟಿಯಾಗಿಲ್ಲ.

ಹಾಗಿದ್ದರೆ ಅರಿಶಿನವೆಂದರೆ ಉರಿಯೂತದ ಮದ್ದು ಎಂಬ ಕೀರ್ತಿ ಹುಟ್ಟಿದುದೆಲ್ಲಿ? ಅದು ಹುಟ್ಟಿದುದು ರಸಾಯನಶಾಲೆಗಳಲ್ಲಿ. ೧೮೧೫ರಲ್ಲಿ ಫೋಗೆಲ್ ಮತ್ತು ಪೆಲ್ಲೆಟಿಯೆ ಎಂಬ ರಸಾಯನಜ್ಞರು ಅರಿಶಿನದ ಹಳದಿಯ ಸತ್ತ್ವವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದರು. ೧೯೧೦ರಲ್ಲಿ ಅದರ ಅಣುರಚನೆ ತಿಳಿಯಿತು. ೧೯೧೩ರಲ್ಲಿ ಅದನ್ನು ಕೃತಕವಾಗಿ ಮಾಡಿದರು. ೧೯೭೩ರಲ್ಲಿ ಲಖನೌ ನಗರದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯ ಶ್ರೀಮಲ್ ಮತ್ತು ಧವನ್ ಎಂಬ ವಿದ್ವಾಂಸರು ಕರ್ಕ್ಯುಮಿನ್ನಿಗೆ ಉರಿಯೂತವನ್ನು ತಗ್ಗಿಸುವ ಶಕ್ತಿಯುಂಟೆಂದು ಪ್ರಾಣಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ೧೯೮೦ರಲ್ಲಿ ಭಾರತದಲ್ಲಿಯೇ ಸಂಧಿವಾತದ ೧೮ ಮಂದಿ ರೋಗಿಗಳಿಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಕೊಟ್ಟು ಫಿನೈಲ್‌ಬ್ಯುಟಜೋನ್ ಎಂಬ ಔಷಧದೊಡನೆ ಹೋಲಿಸಿದ ಪ್ರಾರಂಭಿಕ ಪರೀಕ್ಷೆಯೊಂದು ನಡೆಯಿತು. ಆದುದರಿಂದ ಈ ಕೀರ್ತಿಯ ವಯಸ್ಸು ಸಾವಿರಾರು ವರ್ಷಗಳದಲ್ಲ. ಸುಮಾರು ಐವತ್ತು ವರ್ಷಗಳದು. ಅದು ಭಾರತೀಯ ವಿಜ್ಞಾನಿಗಳ ಗಳಿಕೆ. ಅದನ್ನು ಚರಕನ ಲೆಕ್ಕಕ್ಕೆ ಬರೆದರೆ ಚರಕನಿಗೆ ಹೆಚ್ಚುವುದೇನೂ ಇಲ್ಲ. ಈ ವಿಜ್ಞಾನಿಗಳಿಗೆ ಸಲ್ಲಬೇಕಾದುದು ಮಾತ್ರ ಕಳೆದುಹೋಗುತ್ತದೆ.

ಪ್ರಾಚೀನ ಗ್ರಂಥಗಳು ನಿಜವಾಗಿ ಸಾಕ್ಷಿ ನುಡಿದು ಗೆದ್ದ ಪ್ರಸಂಗವೊಂದು ಉಂಟು. ೧೯೯೫ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯಿಸುವ ವಿಧಾನದ ಮೇಲೆ ೫,೪೦೧,೫೦೪ ಸಂಖ್ಯೆಯ ಪೇಟೆಂಟು ದೊರಕಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ೧೯೯೬ರಲ್ಲಿ ಇದನ್ನು ಪ್ರತಿಭಟಿಸಿ, ಇದು ಭಾರತದಲ್ಲಿ ಹಿಂದಿನಿಂದಲೂ ತಿಳಿದಿದ್ದ ವಿಷಯವೆಂದು ಸಂಸ್ಕೃತ ಮೊದಲಾದ ಭಾಷೆಗಳ ಲಿಖಿತ ಪ್ರಮಾಣಗಳನ್ನು ಮುಂದಿಟ್ಟಿತು. ೧೯೯೭ರಲ್ಲಿ ಆ ಪೇಟೆಂಟು ರದ್ದಾಯಿತು. ಇಲ್ಲಿ ಗ್ರಂಥಗಳು ಹೇಳಿದುದು ಗಾಯದ ಮಾತು, ಲೇಪದ ಮಾತು. ಅದು ಅವುಗಳಲ್ಲಿ ನಿಸ್ಸಂದೇಹವಾಗಿ ಇತ್ತು. ತೆಂಗಿನ ಸೀಮೆಯ ಮನೆಯ ವಾಡಿಕೆಯೂ ಅದಕ್ಕೆ ಹೊಂದುತ್ತದೆ. ಅದೇ ಗ್ರಂಥಗಳನ್ನು ಇಂದು ಕ್ಯಾಪ್ಸೂಲಿನ ಪರವಾಗಿ ಕರೆದರೆ ಅವು ಹೇಳದ ಮಾತನ್ನು ಅವುಗಳ ಬಾಯಲ್ಲಿ ಹೇಳಿಸಿದಂತಾಗುವುದು. ಒಂದು ಕಡೆ ಸತ್ಯವಾಗಿ ನಿಂತ ಸಾಕ್ಷಿಗೆ ಇನ್ನೊಂದು ಕಡೆ ಸುಳ್ಳು ಹೊರಿಸಿದರೆ ಮುಂದೆ ಮೊದಲನೆಯ ಸಾಕ್ಷ್ಯವೂ ಬಲಗುಂದುತ್ತದೆ.

ಕರ್ಕ್ಯುಮಿನ್ ನೀರಿನಲ್ಲಿ ಕರಗದು; ಎಣ್ಣೆ ತುಪ್ಪಗಳಲ್ಲಿ ಕರಗುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದು ಬಹಳ ಕಡಮೆ. ಈ ವಿಷಯದಲ್ಲಿ ಕನ್ನಡನಾಡಿನಲ್ಲಿಯೇ ನಡೆದ ಶೋಧನೆ ಜಗತ್ಪ್ರಸಿದ್ಧವಾಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ೧೯೯೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೨ ಗ್ರಾಂ ಕರ್ಕ್ಯುಮಿನ್ನನ್ನು ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಮೆಣಸಿನ ಸತ್ತ್ವವಾದ ಪೈಪರೀನನ್ನು ೨೦ ಮಿಲಿಗ್ರಾಂ ಸೇರಿಸಿ ಕೊಟ್ಟಾಗ ದೇಹಕ್ಕೆ ದೊರೆತ ಭಾಗ ಶೇಕಡ ೨೦೦೦ದಷ್ಟು ಹೆಚ್ಚಿತು. ಹರಿದ್ರಾಖಂಡದ ತುಪ್ಪ ಮೆಣಸುಗಳನ್ನೂ ಹಳ್ಳಿಯ ಮೆಣಸಿನ ಹಾಲನ್ನೂ ನೆನೆದು, ಹಿಂದಿನವರಿಗೆ ಇದೆಲ್ಲವೂ ತಿಳಿದಿತ್ತೆಂದು ಕೆಲವರು ಹಿಗ್ಗುವುದುಂಟು. ಅಷ್ಟು ಹೇಳುವುದು ಅತಿಯಾಗುತ್ತದೆ. ಹಿಂದಿನವರು ತುಪ್ಪ ಮೆಣಸುಗಳನ್ನು ಸೇರಿಸಿದುದು ರೂಕ್ಷತೆಯನ್ನು ತಗ್ಗಿಸುವುದು, ಅಗ್ನಿಯನ್ನು ದೀಪಿಸುವುದು ಎಂಬ ತಮ್ಮ ಶಾಸ್ತ್ರದ ಕಾರಣಗಳಿಂದ. ಫಲವು ಒಂದೆಡೆ ಕೂಡಿದರೂ ಕಾರಣಗಳು ಬೇರೆ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಪ್ರಮಾಣಾತೀತವಾಗಿ ಬಳಸಬಾರದ ದ್ರವ್ಯಗಳು ಮೂರೆಂದು ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯವು ಎಚ್ಚರಿಸುತ್ತದೆ. ಅವು ಹಿಪ್ಪಲಿ, ಕ್ಷಾರ, ಉಪ್ಪು. ಹಿಪ್ಪಲಿಯಲ್ಲಿಯೂ ಪೈಪರೀನ್ ಇದೆ. ಅದು ಅರಿಶಿನವೊಂದನ್ನೇ ಅಲ್ಲ, ಬೇರೆ ಔಷಧಗಳನ್ನೂ ದೇಹವು ಕರಗಿಸಿ ಹೊರಹಾಕದಂತೆ ತಡೆಯಬಲ್ಲುದು. ಹಾಗಾದಾಗ ರೋಗಿ ನುಂಗುತ್ತಿರುವ ಇತರ ಮದ್ದುಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ದಿನದಿನವೂ ತಿಂಗಳುಗಟ್ಟಲೆ ಪೈಪರೀನ್ ಸೇರಿದ ಕ್ಯಾಪ್ಸೂಲನ್ನು ನುಂಗಿಸುವವರು ಚರಕನ ಹೆಸರನ್ನು ಹೇಳುವಾಗ ಆತನ ಈ ಎಚ್ಚರಿಕೆಯನ್ನೂ ಹೇಳುವುದು ಯುಕ್ತ.

ಪ್ರಮಾಣದ ಲೆಕ್ಕವನ್ನೂ ನೋಡಬೇಕು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡ ೩ರಷ್ಟು. ಶೇಕಡ ೯೫ರ ಸತ್ತ್ವವುಳ್ಳ ೫೦೦ ಮಿಲಿಗ್ರಾಮಿನ ಒಂದು ಕ್ಯಾಪ್ಸೂಲು ಹೆಚ್ಚುಕಡಮೆ ೧೫ ಗ್ರಾಂ ಅರಿಶಿನಕ್ಕೆ ಸಮಾನವಾಗುತ್ತದೆ. ಸಾರು ಹುಳಿಗಳಲ್ಲಿ ದಿನಕ್ಕೆ ಒಬ್ಬರಿಗೆ ಸೇರುವುದು ಒಂದೆರಡು ಗ್ರಾಂ ಮಾತ್ರ. ಅಜ್ಜಿಯ ಮದ್ದೆಂದು ಹೆಸರಿಟ್ಟರೂ ಇಂಥ ವಸ್ತುವನ್ನು ಯಾವ ಅಜ್ಜಿಯೂ ಕಂಡವಳಲ್ಲ.

ಇಂದಿನ ಪರೀಕ್ಷೆಗಳ ತೀರ್ಪನ್ನು ಪಕ್ಷಪಾತವಿಲ್ಲದೆ ಹೇಳುವುದಾದರೆ ಅದು ಮಿಶ್ರವಾದುದು. ೨೦೧೪ರಲ್ಲಿ ಥೈಲೆಂಡಿನಲ್ಲಿ ಮಂಡಿಯ ಸವೆತದ ೩೬೭ ರೋಗಿಗಳಿಗೆ ನಾಲ್ಕು ವಾರಗಳ ಕಾಲ ನಡೆಸಿದ ಪರೀಕ್ಷೆಯಲ್ಲಿ ದಿನಕ್ಕೆ ೧೫೦೦ ಮಿಲಿಗ್ರಾಂ ಅರಿಶಿನದ ಸತ್ತ್ವವು ೧೨೦೦ ಮಿಲಿಗ್ರಾಂ ಇಬುಪ್ರೊಫೆನ್ನಿಗೆ ಕಡಮೆಯಿಲ್ಲದಂತೆ ನೋವನ್ನು ತಗ್ಗಿಸಿತೆಂದು ಕಂಡಿತು. ೨೦೨೦ರಲ್ಲಿ ಆಸ್ಟ್ರೇಲಿಯದಲ್ಲಿ ೭೦ ಮಂದಿಗೆ ಹನ್ನೆರಡು ವಾರ ಕೊಟ್ಟು ನೋಡಿದಾಗ ಮಂಡಿಯ ನೋವು ತಗ್ಗಿತು. ಆದರೆ ಚಿತ್ರಗಳಲ್ಲಿ ಅಳೆದ ಕೀಲಿನೊಳಗಿನ ಊತವು ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚಾಗಿ ಇಳಿಯಲಿಲ್ಲ. ಯಾವ ಊತದ ಹೆಸರಿನಲ್ಲಿ ಈ ಔಷಧವು ಮಾರಾಟವಾಗುವುದೋ ಆ ಊತವೇ ಇಲ್ಲಿ ಇದ್ದಂತೆ ಇತ್ತು ಎಂಬುದನ್ನು ಗಮನಿಸಬೇಕು. ೨೦೧೭ರಲ್ಲಿ ನೆಲ್ಸನ್ ಮೊದಲಾದ ರಸಾಯನಜ್ಞರು ಅಲ್ಲಿಯವರೆಗಿನ ಶೋಧನೆಗಳನ್ನೆಲ್ಲ ಪರಿಶೀಲಿಸಿ, ಕರ್ಕ್ಯುಮಿನ್ ಅಸ್ಥಿರವಾದ, ದೇಹಕ್ಕೆ ಸೇರದ ವಸ್ತುವೆಂದೂ, ಪರೀಕ್ಷಾನಳಿಗೆಯಲ್ಲಿ ಅದು ಹುಸಿಫಲಗಳನ್ನು ತೋರಿಸಬಲ್ಲುದೆಂದೂ ಎಚ್ಚರಿಸಿದರು.

ಅಪಾಯವೂ ಕಂಡಿದೆ. ೨೦೧೯ರಲ್ಲಿ ಇಟಲಿಯಲ್ಲಿ ಇಂಥ ಕ್ಯಾಪ್ಸೂಲುಗಳನ್ನು ಸೇವಿಸಿದ ಹಲವರಿಗೆ ಯಕೃತ್ತಿನ ಬಾವು ಉಂಟಾದುದು ವರದಿಯಾಯಿತು. ೨೦೨೨ರಲ್ಲಿ ಅಮೆರಿಕದ ಯಕೃತ್ಶೋಧಕರ ಕೂಟವೊಂದು ಅರಿಶಿನದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ೧೦ ಮಂದಿಯನ್ನು ವಿವರಿಸಿತು. ಅವರಲ್ಲಿ ೫ ಮಂದಿ ಆಸ್ಪತ್ರೆಗೆ ಸೇರಬೇಕಾಯಿತು, ಒಬ್ಬರು ತೀರಿಹೋದರು. ೭ ಮಂದಿಯಲ್ಲಿ ಒಂದೇ ಬಗೆಯ ವಂಶಗತ ಲಕ್ಷಣ ಇದ್ದಿತು. ಯಾರಲ್ಲಿ ಅದು ಉಂಟೆಂಬುದು ಹೊರಗಿನಿಂದ ತಿಳಿಯದು. ಕಾಮಾಲೆಯನ್ನು ಕಳೆಯುವುದೆಂದು ಯಾವ ಹಳದಿಯನ್ನು ಲೋಕವು ನಂಬಿತ್ತೋ ಅದರ ಸತ್ತ್ವವೇ ಅತಿಯಾಗಿ ಕೆಲವರಿಗೆ ಕಾಮಾಲೆಯನ್ನು ತಂದಿತು. ಯುಕ್ತಿಯಿಂದ ಬಳಸಿದರೆ ವಿಷವೂ ಮದ್ದಾಗುವುದೆಂದೂ ಯುಕ್ತಿತಪ್ಪಿದರೆ ಮದ್ದೇ ವಿಷವಾಗುವುದೆಂದೂ ಸೂತ್ರಸ್ಥಾನದ ಆರಂಭದಲ್ಲಿಯೇ ಚರಕನು ಹೇಳಿರುವುದು ಇಲ್ಲಿ ಹೊಂದುತ್ತದೆ.

ಇದುವರೆಗಿನ ವಿಚಾರದಿಂದ ಅರಿಶಿನದ ಮಹಿಮೆ ಕುಗ್ಗಬೇಕಾದುದಿಲ್ಲ. ಗಾಯಕ್ಕೆ, ಚರ್ಮಕ್ಕೆ, ವಿಷಕ್ಕೆ, ಪ್ರಮೇಹಕ್ಕೆ ಶಾಸ್ತ್ರವು ಅದನ್ನು ಹೇಳಿದೆ. ಪೆಟ್ಟಿನ ಬಾವಿಗೆ ಲೇಪವಾಗಿ ಜನ ಅದನ್ನು ಬಲ್ಲರು. ಅಡುಗೆಯಲ್ಲಿ ಅದು ನಿತ್ಯವೂ ಇದೆ. ದೀರ್ಘಕಾಲದ ಉರಿಯೂತಕ್ಕೆ ಅದರ ಸತ್ತ್ವವು ಉಪಯೋಗಕ್ಕೆ ಬರುವುದೇ ಎಂಬುದು ಇನ್ನೂ ಪರೀಕ್ಷೆಯಲ್ಲಿರುವ ಹೊಸ ಪ್ರಶ್ನೆ. ಅದಕ್ಕೆ ಉತ್ತರವನ್ನು ಹೊಸ ಪರೀಕ್ಷೆಗಳಿಂದಲೇ ಪಡೆಯಬೇಕು. ಚರಕ ಸುಶ್ರುತರ ಮುದ್ರೆಯನ್ನು ಅದರ ಮೇಲೆ ಒತ್ತಲಾಗದು. ವರ್ಷಗಟ್ಟಲೆ ಮಂಡಿ ಬಾತು ನರಳುವ ತೆಂಗಿನ ಸೀಮೆಯ ದುಡಿಮೆಗಾರನು ಪ್ರಾಚೀನವೆಂಬ ಒಂದು ಮಾತಿಗೆ ಮಾರುಹೋಗಿ ವೈದ್ಯನ ಬಳಿಗೆ ಹೋಗುವುದನ್ನು ತಡಮಾಡಿದರೆ, ಅಥವಾ ನುಂಗುತ್ತಿರುವ ಗುಳಿಗೆಯನ್ನು ಮನೆಯ ಮದ್ದೆಂದು ತಿಳಿದು ವೈದ್ಯನಿಗೆ ಹೇಳದೆ ಬಿಟ್ಟರೆ, ಆ ನಷ್ಟದಲ್ಲಿ ಗ್ರಂಥಗಳನ್ನು ತಪ್ಪಾಗಿ ಓದಿಸಿದವರಿಗೂ ಪಾಲುಂಟು. ಪಾಠವನ್ನು ಶುದ್ಧವಾಗಿ ಓದುವುದು, ಶಬ್ದದ ಅರ್ಥವನ್ನು ಅದರ ಕಾಲದಲ್ಲಿಟ್ಟು ತಿಳಿಯುವುದು, ಇಲ್ಲದುದನ್ನು ಇದೆಯೆನ್ನದಿರುವುದು ಇವು ಪಂಡಿತರಿಗೂ ಅಧ್ಯಾಪಕರಿಗೂ ಸೇರಿದ ಧರ್ಮ. ಶ್ವಯಥುಹರದ ಹತ್ತು ದ್ರವ್ಯಗಳ ಪಟ್ಟಿಯನ್ನು ಒಂದು ಸಲ ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.